ಪುಸ್ತಕದ ಹುಡುಗಿಗೆ ಡಯಾಬಿಟಿಸ್ ಇರಲಿಲ್ಲ

ಒಂಬತ್ತನೇ ತರಗತಿ ಮುಗಿಯುವ ಹೊತ್ತಿಗೆ ನಾನು ಸುಳ್ಳು ಶುಗರ್ ಬರೆಯುವುದರಲ್ಲಿ ಪಳಗಿಬಿಟ್ಟಿದ್ದೆ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ, ಬಂದ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ನಾನು ಚುಚ್ಚದೆಯೇ ಬರೆಯುತ್ತಿದ್ದೆ. 118, 134, 97, 141. ಎಲ್ಲವೂ ಚೆನ್ನಾಗಿದ್ದರೆ ಯಾರೂ ನಂಬುವುದಿಲ್ಲ ಅಂತ ನಡುವೆ ಒಂದು 188 ಹಾಕುತ್ತಿದ್ದೆ. ಡಾಕ್ಟರ್ ಹತ್ತಿರ ಹೋಗುವ ಹಿಂದಿನ ರಾತ್ರಿ ಎರಡು ತಿಂಗಳ ಲೆಕ್ಕವನ್ನು ಒಂದೇ ಸಲಕ್ಕೆ ತುಂಬಿಸುವಾಗ ನೀಲಿ ಪೆನ್ನು, ಕಪ್ಪು ಪೆನ್ನು ಬದಲಾಯಿಸುತ್ತಿದ್ದೆ. ಒಮ್ಮೆ ಪುಟದ ಮೂಲೆಗೆ ಸಾರಿನ ಕಲೆಯನ್ನೂ ಹಚ್ಚಿದ್ದುಂಟು. ಅಷ್ಟು ಶ್ರದ್ಧೆ ನನಗೆ ಗಣಿತದಲ್ಲಿ ಇರಲಿಲ್ಲ.

ಟೈಪ್ ಒನ್ ಡಯಾಬಿಟಿಸ್ ಬಂದಾಗ ನನಗೆ 11 ವರ್ಷ. 2019. ರಾತ್ರಿ ಐದಾರು ಸಲ ಎದ್ದು ಬಚ್ಚಲಿಗೆ ಹೋಗುತ್ತಿದ್ದೆ, ಬಂದು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದೆ. ಬಚ್ಚಲಲ್ಲಿ ಇರುವೆ ಮುತ್ತುತ್ತಿರುವುದನ್ನು ಮೊದಲು ನೋಡಿದವಳು ಅಜ್ಜಿ. ಯೂನಿಫಾರ್ಮ್ ಸಡಿಲವಾಯಿತು ಅಂತ ಅಮ್ಮ ಎರಡು ಸಲ ಹೊಲಿಗೆ ಒಳಗೆ ಹಿಡಿದಳು, ಬೆಳೆಯೋ ಮಕ್ಕಳು ಸೊರಗೋದು ಸಹಜ ಅಂದುಕೊಂಡು. ಆಮೇಲೆ ವಾಂತಿ ಶುರುವಾಯಿತು. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಅಂದರು, ಸುಸ್ತಿಗೆ ಅಂತ ಗ್ಲೂಕೋಸ್ ಬಾಟಲಿ ಏರಿಸಿದರು. ಮರುದಿನ ದೊಡ್ಡ ಆಸ್ಪತ್ರೆಗೆ ಹೋಗುವಾಗ ನಾನು ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದೆನಂತೆ. ಶುಗರ್ 560. ಐಸಿಯುನಲ್ಲಿ ಮೂರು ದಿನ.

ಮನೆಗೆ ಬಂದ ಮೇಲೆ ಮಾತಾಡಿಸಲು ಬಂದವರೆಲ್ಲ ಕೇಳಿದ್ದು ಒಂದೇ: “ಚಾಕ್ಲೇಟ್ ಜಾಸ್ತಿ ತಿಂತಿದ್ಲಾ?” ಇಲ್ಲ. ಇದು ಸಿಹಿ ತಿಂದು ಬರುವುದಲ್ಲ. ರೋಗಾಣುಗಳ ಜೊತೆ ಹೋರಾಡಬೇಕಾದ ಮೈಯ ಕಾವಲು ಪಡೆ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನೇ ಹೊಡೆದು ಹಾಕುತ್ತದೆ. ಮಾತ್ರೆಯಿಂದ ಅದು ವಾಪಸ್ ಬರುವುದಿಲ್ಲ. ದೊಡ್ಡಮ್ಮ ತಂದುಕೊಟ್ಟ ಹಾಗಲಕಾಯಿ ಪುಡಿಯಿಂದಲೂ ಇಲ್ಲ. ಹೊರಗಿನಿಂದ ಇನ್ಸುಲಿನ್ ಹಾಕಿಕೊಳ್ಳಲೇಬೇಕು, ಉಪವಾಸ ಇದ್ದ ದಿನವೂ.

ಸುಳ್ಳು ಬರೆಯಲು ಶುರು ಮಾಡಿದ್ದು ಯಾಕೆ ಅಂತ ಆಮೇಲೆ ತುಂಬ ಜನ ಕೇಳಿದ್ದಾರೆ. ಅಮ್ಮನ ಮುಖ ನೋಡಲಾಗದೆ. ಅಷ್ಟೇ. ಮೀಟರ್‌ನಲ್ಲಿ 260 ಬಂದರೆ ಅವಳ ಮುಖ ಬಾಡುತ್ತಿತ್ತು, ಹಿಂದೆಯೇ ಪ್ರಶ್ನೆ: “ಏನ್ ತಿಂದೆ?” ಒಮ್ಮೊಮ್ಮೆ ನಾನು ಏನೂ ತಿಂದಿರುತ್ತಿರಲಿಲ್ಲ. ವಯಸ್ಸಿಗೆ ಬರುವಾಗ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ, ಮುಟ್ಟಿಗೆ ಎರಡು ಮೂರು ದಿನ ಮುಂಚೆ ಶುಗರ್ ತಾನಾಗಿ ಏರುತ್ತದೆ ಅನ್ನುವುದು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಇನ್ನು ಕೆಲವು ಸಲ ತಿಂದೇ ಇರುತ್ತಿದ್ದೆ. ಮಧ್ಯಾಹ್ನದ ಇಂಜೆಕ್ಷನ್ನನ್ನು ಶಾಲೆಯ ಟಾಯ್ಲೆಟ್ಟಿನಲ್ಲಿ ನಿಂತು ತಗೋಬೇಕಿತ್ತು. ಬಾಗಿಲಿಗೆ ಚಿಲಕ ಇಲ್ಲ. ತಿಂಗಳ ಅರ್ಧದಷ್ಟು ದಿನಗಳಲ್ಲಿ ತಗೊಳ್ಳುತ್ತಲೇ ಇರಲಿಲ್ಲ.

ಸಿಕ್ಕಿಬಿದ್ದದ್ದು 2023ರ ಬೇಸಿಗೆ ರಜೆಯಲ್ಲಿ. ದಾವಣಗೆರೆಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಡಾಕ್ಟರ್ ಮೇಡಂ ಹತ್ತಿರ ಹೋಗಿದ್ದೆವು. ಅವರು ನನ್ನ ಪುಸ್ತಕ ತಿರುವಿದರು, ರಕ್ತದ ರಿಪೋರ್ಟ್ ನೋಡಿದರು, ಮತ್ತೆ ಪುಸ್ತಕ ತಿರುವಿದರು. ಎಚ್‌ಬಿಎ1ಸಿ 10.4. ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಅಂತ ಹೇಳುವ ಪರೀಕ್ಷೆ ಅದು. 10.4 ಅಂದರೆ ಸರಾಸರಿ ಶುಗರ್ 252ರ ಆಸುಪಾಸು. ನನ್ನ ಪುಸ್ತಕದ ಸರಾಸರಿ 130 ದಾಟುತ್ತಿರಲಿಲ್ಲ.

ಮೇಡಂ ಪುಸ್ತಕ ಮುಚ್ಚಿ, ಅಪ್ಪಾಜಿ ಕಡೆ ತಿರುಗಿ, “ಈ ಪುಸ್ತಕದಲ್ಲಿರೋ ಹುಡುಗಿಗೆ ಡಯಾಬಿಟಿಸ್ಸೇ ಇಲ್ಲ ಸರ್. ನಾನು ಇಲ್ಲಿ ಕೂತಿರೋ ಹುಡುಗಿ ಹತ್ರ ಮಾತಾಡ್ಬೇಕು. ನೀವಿಬ್ರೂ ಸ್ವಲ್ಪ ಹೊರಗಿರ್ತೀರಾ?” ಅಂದರು.

ಬೈಯಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಹೊಟ್ಟೆ ಮುಟ್ಟಿ ನೋಡಿದರು. ಹೊಕ್ಕುಳಿನ ಎಡಕ್ಕೆ ನಿಂಬೆಹಣ್ಣಿನಷ್ಟು ಗಂಟು. ನೋವಾಗುವುದಿಲ್ಲ ಅಂತ ನಾಲ್ಕು ವರ್ಷ ಅಲ್ಲೇ ಚುಚ್ಚಿಕೊಂಡಿದ್ದೆ. ಅಂಥ ಜಾಗದಿಂದ ಇನ್ಸುಲಿನ್ ಸರಿಯಾಗಿ ಮೈಗೆ ಇಳಿಯುವುದಿಲ್ಲವಂತೆ, ಒಂದು ದಿನ ಅರ್ಧ, ಒಂದು ದಿನ ಪೂರ್ತಿ. ಕೊನೆಗೆ ಅವರು ಇನ್ಸುಲಿನ್ ಪಂಪಿನ ಮಾತು ತೆಗೆದರು, ಇಂಜೆಕ್ಷನ್ನಿನ ಬದಲು ಮೈಗೆ ಇನ್ಸುಲಿನ್ ಕೊಡುವ ಯಂತ್ರ. “ನಿನಗೆ ಇದು ಆಗಬಹುದು. ಆದ್ರೆ ಒಂದು ವಿಷ್ಯ ನೆನಪಿರ್ಲಿ, ಇದಕ್ಕೆ ನೀನು ಹೇಳಿದ್ದೇ ನಿಜ.”

ಆ ಮಾತು ಅರ್ಥವಾಗಲು ವರ್ಷ ಹಿಡಿಯಿತು.

ಪಂಪಿಗೆ 5 ಲಕ್ಷದ ಹತ್ತಿರ ಆಯಿತು. ವಿಮೆಯಿಂದ ಒಂದು ಪೈಸೆ ಬರಲಿಲ್ಲ. ಅಪ್ಪಾಜಿ ಹರಿಹರದ ಕಡೆ ತಗೊಂಡಿದ್ದ ಸೈಟು ಮಾರಿದರು. ನನ್ನ ಮದುವೆಗೆ ಅಂತ ಇಟ್ಟಿದ್ದ ಸೈಟು ಅನ್ನುವುದನ್ನು ಸೋದರತ್ತೆ ನನಗೆ ಎರಡು ಸಲ ನೆನಪಿಸಿದಳು. ಅದು ಒಂದೇ ಸಲದ ಖರ್ಚಾಗಿದ್ದರೆ ಹೇಗೋ ಆಗುತ್ತಿತ್ತು. ಮೈಗೆ ಹಾಕಿಕೊಳ್ಳುವ ಟ್ಯೂಬು-ನಳಿಗೆಯ ಸೆಟ್ಟು, ಇನ್ಸುಲಿನ್ ತುಂಬುವ ರಿಸರ್ವಾಯರು, ಶುಗರ್ ನೋಡುವ ಸೆನ್ಸರು ಸೇರಿ ತಿಂಗಳಿಗೆ 15,000ದ ಮೇಲೆ ಬೇಕು. ಮೂರು ದಿನಕ್ಕೆ ಬದಲಾಯಿಸಬೇಕಾದ ಸೆಟ್ಟನ್ನು ನಾಲ್ಕೂವರೆ ದಿನ ಎಳೆದು, ಚರ್ಮ ಕೆಂಪಾಗಿ ತುರಿಸಿಕೊಂಡದ್ದು ಇದೆ. ಮಾಡಬಾರದು. ತಿಂಗಳ ಕೊನೆಯಲ್ಲಿ ಮಾಡುತ್ತೇವೆ.

ಯಂತ್ರ ನೋಡಲು ಏನೂ ಇಲ್ಲ, ಹಳೇ ಕಾಲದ ಪೇಜರಿನ ಹಾಗಿದೆ. ಒಳಗೆ ಇನ್ಸುಲಿನ್ ತುಂಬಿದ ರಿಸರ್ವಾಯರ್, ಅದರಿಂದ ಹೊರಡುವ ತೆಳು ಟ್ಯೂಬು, ಟ್ಯೂಬಿನ ತುದಿಗೆ ಚರ್ಮದೊಳಗೆ ಕೂರುವ ಕ್ಯಾನುಲಾ ಅನ್ನುವ ಮೆತ್ತನೆ ನಳಿಗೆ. ದಿನವಿಡೀ ಹನಿಹನಿಯಾಗಿ ಹೋಗುವುದು ಬೇಸಲ್, ಊಟಕ್ಕೆ ಕೊಡುವುದು ಬೋಲಸ್. ಇಂಜೆಕ್ಷನ್ನಿನಲ್ಲಿ ದಿನಕ್ಕೆ 48 ಯೂನಿಟ್ ತಗೊಳ್ಳುತ್ತಿದ್ದವಳಿಗೆ ಪಂಪಿನಲ್ಲಿ 40ಕ್ಕೆ ಇಳಿಸಿದರು. ಹತ್ತಿರಹತ್ತಿರ ಅರ್ಧ ಬೇಸಲ್‌ಗೆ, ಉಳಿದದ್ದು ಊಟಕ್ಕೆ. ಬೆಳಗಿನ ಜಾವ ಮೂರರಿಂದ ಏಳರವರೆಗೆ ಬೇಸಲ್ ಹೆಚ್ಚು, ಏಕೆಂದರೆ ಆ ಹೊತ್ತಿನ ಹಾರ್ಮೋನುಗಳು ಮಲಗಿದ್ದವಳ ಶುಗರನ್ನೂ ಏರಿಸುತ್ತವೆ. ಒಂದು ಯೂನಿಟ್ 12 ಗ್ರಾಂ ಕಾರ್ಬಿಗೆ, ಅಂದರೆ ಊಟದಲ್ಲಿರುವ ಪಿಷ್ಟ, ಸಕ್ಕರೆಗೆ. ಬೆಳಗ್ಗೆ ಮಾತ್ರ 9 ಗ್ರಾಮಿಗೆ. ಶುಗರ್ ಹೆಚ್ಚಾದರೆ ಒಂದು ಯೂನಿಟ್ಟಿಗೆ ಸುಮಾರು 45 ಇಳಿಯುತ್ತದೆ. ಇದೆಲ್ಲ ನನ್ನ ಲೆಕ್ಕ. ಬೇರೆಯವರದ್ದು ಬೇರೆ.

ತೋಳಿಗೆ ಅಂಟಿಸಿದ ಸೆನ್ಸರ್ ಐದೈದು ನಿಮಿಷಕ್ಕೆ ಪಂಪಿಗೆ ಸುದ್ದಿ ಕೊಡುತ್ತದೆ. ಶುಗರ್ ಇಳಿಯುತ್ತಿದ್ದರೆ ಪಂಪು ತಾನೇ ಇನ್ಸುಲಿನ್ ನಿಲ್ಲಿಸುತ್ತದೆ, ಏರುತ್ತಿದ್ದರೆ ಸ್ವಲ್ಪ ಜಾಸ್ತಿ ಕೊಡುತ್ತದೆ. ಇದನ್ನು ಕೇಳಿದವರೆಲ್ಲ, “ಹಂಗಾದ್ರೆ ನೀನು ಏನೂ ಮಾಡಂಗಿಲ್ಲ ಬಿಡು” ಅನ್ನುತ್ತಾರೆ. ಊಟ ಮಾಡುತ್ತಿದ್ದೇನೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ ಮಾರಾಯ್ರೆ. ತಿನ್ನುವ ಮೊದಲು ನಾನೇ ಗ್ರಾಂ ಲೆಕ್ಕದಲ್ಲಿ ಹೇಳಬೇಕು.

ಪಂಪು ಬಂದ ದಿನ ನಮ್ಮ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ವೈದ್ಯಕೀಯದ್ದಲ್ಲ. ಇದನ್ನು ಇಡುವುದು ಎಲ್ಲಿ? ಹುಡುಗರ ಪ್ಯಾಂಟಿಗೆ ನಾಲ್ಕು ಜೇಬು, ನನ್ನ ಯೂನಿಫಾರ್ಮ್ ಚೂಡಿದಾರಿಗೆ ಒಂದೂ ಇಲ್ಲ. ಅಮ್ಮ ಬ್ಲೌಸ್ ಹೊಲಿಯುತ್ತಾಳೆ, ಮದುವೆ ಸೀಸನ್ನಿನಲ್ಲಿ ಅವಳ ಮೆಷಿನ್ ರಾತ್ರಿ ಹನ್ನೊಂದಾದರೂ ನಿಲ್ಲುವುದಿಲ್ಲ. ಅವತ್ತು ಗಿರಾಕಿಗಳ ಕೆಲಸ ಬದಿಗಿಟ್ಟು ಟೇಪು ಹಿಡಿದು ಪಂಪಿನ ಅಳತೆ ತೆಗೆದಳು. ಮೊದಲನೇ ಚೀಲ ಸ್ಯಾಟಿನ್ ಬಟ್ಟೆಯದು, ಜಾರಿ ಜಾರಿ ಹಿಂದಕ್ಕೆ ಹೋಗುತ್ತಿತ್ತು. ಎರಡನೆಯದಕ್ಕೆ ಬ್ಲೌಸಿನ ಕಾಟನ್ ಲೈನಿಂಗ್, ಸೊಂಟಕ್ಕೆ ಎಲಾಸ್ಟಿಕ್, ಬಾಯಿಗೆ ಎರಡು ಹುಕ್ಕು. ಚೂಡಿದಾರಿನ ಪಕ್ಕದ ಹೊಲಿಗೆ ಬಿಚ್ಚಿ, ಕೈ ತೂರುವಷ್ಟು ಸೀಳು ಬಿಟ್ಟು, ಅಂಚಿಗೆ ಪಟ್ಟಿ ಕೊಟ್ಟಳು. ಕ್ಲಾಸಿನಲ್ಲಿ ಕೂತೇ, ಯಾರಿಗೂ ಕಾಣದ ಹಾಗೆ ಬೋಲಸ್ ಒತ್ತಬಹುದು. ಆ ಚಿಲಕವಿಲ್ಲದ ಟಾಯ್ಲೆಟ್ಟಿಗೆ ನಾನು ಇನ್ಸುಲಿನ್‌ಗೋಸ್ಕರ ಮತ್ತೆ ಹೋಗಲಿಲ್ಲ. ಪಂಪಿನಿಂದ ನನಗೆ ಏನು ಸಿಕ್ಕಿತು ಅಂತ ಕೇಳಿದರೆ ಮೊದಲು ಹೇಳುವುದು ಇದನ್ನೇ.

ಟ್ಯೂಬು ಬಾಗಿಲ ಹಿಡಿಗೆ ಸಿಕ್ಕಿ ಎಳೆಯುವುದು ಮಾತ್ರ ಇವತ್ತಿಗೂ ತಪ್ಪಿಲ್ಲ.

ಇನ್ನು ಕಾರ್ಬ್ ಲೆಕ್ಕ. ಡಯಟೀಷಿಯನ್ ಕೊಟ್ಟ ಚಾರ್ಟಿನಲ್ಲಿ ಬ್ರೆಡ್ಡು, ಓಟ್ಸು, ಪಾಸ್ತಾ ಎಲ್ಲ ಇತ್ತು. ದಾವಣಗೆರೆಯವಳಿಗೆ ಬೇಕಾದ ಎರಡೇ ಎರಡು ಇರಲಿಲ್ಲ: ಮಂಡಕ್ಕಿ, ಬೆಣ್ಣೆ ದೋಸೆ. ಅಮ್ಮ ಅಡುಗೆಮನೆಗೆ ಒಂದು ಡಿಜಿಟಲ್ ತಕ್ಕಡಿ ತಂದಳು. ಮಂಡಕ್ಕಿ ಅಂದರೆ ಗಾಳಿ, ಅದರಲ್ಲೇನಿರುತ್ತದೆ ಅಂದುಕೊಂಡಿದ್ದೆ. ತೂಗಿದರೆ ಒಂದು ತಟ್ಟೆ ಮಂಡಕ್ಕಿ 40 ಗ್ರಾಂ, ಅದರಲ್ಲಿ ಕಾರ್ಬೇ 34 ಗ್ರಾಮಿನ ಹತ್ತಿರ. ಅಂದರೆ ಮೂರು ಇಡ್ಲಿಗೆ ಸಮ. ಅಕ್ಕಿ ಅರಳಿ ಅರಳಿ ಅಷ್ಟು ದೊಡ್ಡದಾಗಿರುತ್ತದೆಯೇ ಹೊರತು ಅಕ್ಕಿಯೇ. ಮೇಲಾಗಿ ಅರಳಿದ್ದು ಬೇಗ ಕರಗುತ್ತದೆ, ಶುಗರ್ ರಾಕೆಟ್ಟಿನ ಹಾಗೆ ಏರುತ್ತದೆ.

ಬೆಣ್ಣೆ ದೋಸೆಯ ಗುಣವೇ ಬೇರೆ. ತಿಂದು ಒಂದು ಗಂಟೆ ಏನೂ ಆಗಿಲ್ಲದ ಹಾಗೆ ಇರುತ್ತದೆ. ಬೆಣ್ಣೆ ಹೊಟ್ಟೆಯ ಕೆಲಸ ನಿಧಾನ ಮಾಡುತ್ತದೆ. ಮೂರನೇ ಗಂಟೆಗೆ ನಾವು ಮರೆತಿರುವಾಗ ಬಂದು ಬಾಗಿಲು ತಟ್ಟುತ್ತದೆ. ಊಟಕ್ಕೆ 15 ನಿಮಿಷ ಮೊದಲು ಬೋಲಸ್ ಕೊಡಬೇಕು ಅನ್ನುವುದು ನಿಯಮ. ಭಾನುವಾರ ಬೆಳಗ್ಗೆ ದೋಸೆ ಹೋಟೆಲ್ಲಿನಲ್ಲಿ ಆ ನಿಯಮ ಪಾಲಿಸಿ ನೋಡಿ. ಕೂತ ತಕ್ಷಣ ಬೋಲಸ್ ಒತ್ತಿದೆ. ನಮ್ಮ ಮುಂದೆ ಒಂದು ಮದುವೆ ದಿಬ್ಬಣದಷ್ಟು ಜನ. 40 ನಿಮಿಷ ದೋಸೆ ಬರಲಿಲ್ಲ, ಶುಗರ್ 64, ಕೈ ನಡುಗುತ್ತಿದೆ. ಅಪ್ಪಾಜಿ ಎದ್ದು ಹೋಗಿ ಕಾಫಿಗೆ ಹಾಕುವ ಸಕ್ಕರೆಯನ್ನು ಬಟ್ಟಲಲ್ಲಿ ತಂದರು. 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಸಕ್ಕರೆ, 15 ನಿಮಿಷ ಕಾಯಬೇಕು, ಮತ್ತೆ ನೋಡಬೇಕು. ಕಾಯುವುದು ಪುಸ್ತಕದಲ್ಲಿ ಸುಲಭ. ಈಗ ದೋಸೆಯನ್ನು ಹೆಂಚಿಗೆ ಹುಯ್ದದ್ದು ಕಣ್ಣಿಗೆ ಬಿದ್ದ ಮೇಲೆ ಒತ್ತುತ್ತೇನೆ.

ಪಂಪು ಬಂದ ಮೊದಲ ಆರು ತಿಂಗಳು ನಾನು ಪ್ರಾಮಾಣಿಕಳಾಗಿಯೇ ಇದ್ದೆ. ಎಚ್‌ಬಿಎ1ಸಿ 7.6ಕ್ಕೆ ಬಂತು. ಆಮೇಲೆ ಹಳೇ ಚಾಳಿ ಇನ್ನೊಂದು ರೂಪದಲ್ಲಿ ಬಂತು. ಈಗ ಪುಸ್ತಕ ಇಲ್ಲ, ಸೆನ್ಸರಿನ ಗ್ರಾಫ್ ಸುಳ್ಳು ಹೇಳುವುದಿಲ್ಲ. ಆದರೆ ಎಷ್ಟು ತಿಂದೆ ಅಂತ ಹೇಳುವವಳು ನಾನೇ ಅಲ್ಲವೇ. 45 ಗ್ರಾಂ ತಿಂದು 25 ಅಂತ ಒತ್ತುತ್ತಿದ್ದೆ. ಅಮ್ಮನ ಫೋನಿಗೆ ಎಲ್ಲ ಕಾಣುತ್ತಿತ್ತು. ಶುಗರ್ ಏರಿದರೆ ‘ಏನೋ, ಗೊತ್ತಿಲ್ಲ, ಮುಟ್ಟು ಹತ್ರ ಬಂತೇನೋ’ ಅನ್ನಬಹುದು. 45 ಅಂತ ಒತ್ತಿದರೆ ‘ಏನ್ ತಿಂದೆ?’

ದುಗ್ಗಮ್ಮನ ಜಾತ್ರೆ ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ. ಮನೆ ತುಂಬ ನೆಂಟರು, ಹೊರಗೆ ಬಿಸಿಲು ಕುದಿಯುವಂಥದ್ದು. ಅವತ್ತು ಬೆಳಗ್ಗೆ ಸೆಟ್ ಬದಲಾಯಿಸುವ ದಿನ. ಬಚ್ಚಲ ಮುಂದೆ ಐದು ಜನ ಕ್ಯೂನಲ್ಲಿದ್ದಾರೆ, ಒಳಗೆ ನಾನು ತೊಡೆಗೆ ಸೆಟ್ ಹಾಕಿಕೊಳ್ಳುತ್ತಿದ್ದೇನೆ. ಗಡಿಬಿಡಿಯಲ್ಲಿ ಹಾಕಿ ಬಂದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಚಿಗವ್ವ ಪಕ್ಕದಲ್ಲಿ. ಎರಡು ಹೋಳಿಗೆ ಅಂತ ಪಂಪಿಗೆ ಹೇಳಿದೆ, ಮೂರು ತಿಂದೆ.

ನಾಲ್ಕಕ್ಕೆ 240. ಆರಕ್ಕೆ 310. ಪಂಪು ಸೊಂಟದಲ್ಲಿ ಜೇನುನೊಣದ ಹಾಗೆ ಗುಂಯ್‌ಗುಟ್ಟುತ್ತಲೇ ಇತ್ತು. ನಾನು ಒಳಗೊಳಗೇ ಲೆಕ್ಕ ಹಾಕಿದೆ: ಒಂದು ಹೋಳಿಗೆ ಕದ್ದಿದ್ದೀನಲ್ಲ, ಅದರದ್ದೇ ಇದು, ಇಳಿಯುತ್ತೆ. ಹಾಗಂದುಕೊಂಡು ಎರಡು ಸಲ ಬೋಲಸ್ ಒತ್ತಿದೆ, ಯಾರಿಗೂ ಹೇಳಲಿಲ್ಲ. ರಾತ್ರಿ ಹತ್ತಕ್ಕೆ 390. ಹೊಟ್ಟೆ ತೊಳಸಲು ಶುರುವಾದಾಗ ಅಡುಗೆಮನೆಗೆ ಹೋಗಿ ಅಮ್ಮನ ಸೆರಗು ಹಿಡಿದೆ. ಅವಳೂ ಬೆಳಗ್ಗೆಯಿಂದ ಫೋನ್ ಮುಟ್ಟಿರಲಿಲ್ಲ, ಎಪ್ಪತ್ತು ಜನರ ಅಡುಗೆ.

ಅಮ್ಮ ಕೋಣೆಗೆ ಕರಕೊಂಡು ಹೋಗಿ ಸೆಟ್ಟಿನ ಪ್ಲಾಸ್ಟರ್ ಕಿತ್ತಳು. ಒದ್ದೆ. ಬ್ಯಾಂಡೇಜಿನ, ಆಸ್ಪತ್ರೆಯ ಆ ವಾಸನೆ. ಇನ್ಸುಲಿನ್ ಹೊರಗೆ ಸೋರಿದರೆ ಬರುವ ವಾಸನೆ. ಕ್ಯಾನುಲಾ ಮಡಚಿದ ಸ್ಟ್ರಾ ಹಾಗೆ ಬಾಗಿತ್ತು. ಬೆಳಗ್ಗೆಯಿಂದ ನನ್ನ ಮೈಗೆ ಹೋದದ್ದು ಎಷ್ಟೋ, ಬಟ್ಟೆ ಕುಡಿದದ್ದೆಷ್ಟೋ.

ಪಂಪಿನ ಅಪಾಯ ಇದೇ. ಇಂಜೆಕ್ಷನ್ ತಗೊಳ್ಳುವವರಿಗೆ ದಿನಪೂರ್ತಿ ನಿಧಾನ ಕೆಲಸ ಮಾಡುವ ಇನ್ಸುಲಿನ್ ಒಂದು ಮೈಯಲ್ಲಿರುತ್ತದೆ. ಪಂಪಿನಲ್ಲಿರುವುದು ಬೇಗ ಬಂದು ಬೇಗ ಹೋಗುವಂಥದ್ದು ಮಾತ್ರ. ಹರಿವು ನಿಂತರೆ ಮೂರ್ನಾಲ್ಕು ಗಂಟೆಯಲ್ಲಿ ಮೈ ಖಾಲಿ. ಆಮೇಲೆ ಕೊಬ್ಬು ಸುಟ್ಟು ಕೀಟೋನ್ ಏಳುತ್ತದೆ, ರಕ್ತ ಹುಳಿಯಾಗುತ್ತದೆ. ಕೀಟೋನ್ ನೋಡುವ ಮೂತ್ರದ ಸ್ಟ್ರಿಪ್ ನೋಡನೋಡುತ್ತಲೇ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಮೇಡಂಗೆ ಫೋನು. ಅವರು ಹೇಳಿದಷ್ಟನ್ನು ಇನ್ಸುಲಿನ್ ಪೆನ್ನಿನಿಂದ ಚುಚ್ಚಿದೆವು. ಇಂಥ ಹೊತ್ತಲ್ಲಿ ಪಂಪನ್ನು ನಂಬಬಾರದು, ಕೈಯಿಂದಲೇ ಕೊಡಬೇಕು. ಹೊಸ ಸೆಟ್ ಹೊಟ್ಟೆಗೆ. ಗಂಟೆಗೊಂದು ಚೊಂಬು ನೀರು. ವಾಂತಿ ನಿಲ್ಲದಿದ್ದರೆ ಸೀದಾ ಆಸ್ಪತ್ರೆಗೆ ಹೋಗಿ ಅಂದಿದ್ದರು, ಅಪ್ಪಾಜಿ ಕಾರಿನ ಕೀಲಿ ಕೈಯಲ್ಲೇ ಹಿಡಿದು ಕೂತಿದ್ದರು. ದೇವಸ್ಥಾನದ ಕಡೆಯಿಂದ ಡೊಳ್ಳಿನ ಸದ್ದು ಬರುತ್ತಲೇ ಇತ್ತು. ಬೆಳಗಿನ ಜಾವ ಮೂರೂವರೆಗೆ 190. ಸ್ಟ್ರಿಪ್ಪಿನ ಬಣ್ಣವೂ ತಿಳಿಯಾಯಿತು.

ಆಗ ಹೇಳಿದೆ, ಮೂರು ಹೋಳಿಗೆ ಅಂತ.

ಅಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೂರು ಅಂದಿದ್ರೆ ಮೂರಕ್ಕೇ ಲೆಕ್ಕ ಆಗ್ತಿತ್ತು. ಮೇಲೆ ಏರಿದ್ದು ಸೆಟ್ಟಿಂದು ಅಂತ ನಾಲ್ಕು ಗಂಟೆಗೇ ಗೊತ್ತಾಗ್ತಿತ್ತಲ್ಲವ್ವ” ಅಂದಳು. “ಅಳತೆ ಸುಳ್ಳು ಕೊಟ್ಟು ಹೋದೋರ ಬ್ಲೌಸು ತಪ್ಪಿದ್ರೆ ಕತ್ರಿದೋ ಟೇಪಿಂದೋ ಅಂತ ನಾ ಹೆಂಗೆ ಹುಡುಕ್ಲಿ?”

ಆಗ ನೆನಪಾಯಿತು ಮೇಡಂ ಹೇಳಿದ್ದು. ನಾನು ಹೇಳಿದ್ದೇ ನಿಜ ಅಂತ ನಂಬುವ ಯಂತ್ರಕ್ಕೆ ಸುಳ್ಳು ಹೇಳಿದರೆ, ಅದು ಕೆಟ್ಟಾಗಲೂ ನನ್ನದೇ ಸುಳ್ಳು ಅಂತ ನಾನು ಅಂದುಕೊಳ್ಳುತ್ತೇನೆ. ಆರು ಗಂಟೆ ಹಾಗೇ ಕಳೆದೆ.

ಅಮ್ಮನಿಗೂ ಒಂದು ಮಾತು ಹೇಳಿದೆ ಅವತ್ತು, ಧೈರ್ಯ ಮಾಡಿ. ‘ಏನ್ ತಿಂದೆ’ ಅಂತ ಕೇಳಬೇಡ. ‘ಎಷ್ಟಿದೆ, ಏನ್ ಮಾಡಿದೆ’ ಅಂತ ಕೇಳು. ಅವಳ ಫೋನಿನಲ್ಲಿ ಹೈ ಅಲಾರಂ ಆಫ್ ಮಾಡಿಸಿದೆ, ಲೋ ಅಲಾರಂ ಇರಲಿ ಅಂದೆ. ನಾಲ್ಕು ದಿನ ಮುನಿಸಿಕೊಂಡಿದ್ದಳು. ಅವಳ ಕಡೆಯಿಂದಲೂ ಒಂದು ಷರತ್ತು ಬಂತು: 300 ದಾಟಿ ಎರಡು ಗಂಟೆ ಆದರೆ, ಮನೆಯಲ್ಲಿ ದೇವರೇ ಬಂದು ಕೂತಿದ್ದರೂ, ಅವಳಿಗೆ ಹೇಳಬೇಕು.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕತೆ ದೊಡ್ಡದು, ಚಿಕ್ಕದಾಗಿ ಹೇಳುತ್ತೇನೆ. 2024. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದಿತ್ತು. ಡಾಕ್ಟರ್ ಪತ್ರ ಕೊಟ್ಟು ಮೊದಲೇ ಅನುಮತಿ ತಗೊಂಡಿದ್ದೆವು. ಗಣಿತದ ದಿನ ಬಂದ ಮೇಲ್ವಿಚಾರಕರಿಗೆ ಅದು ಗೊತ್ತಿರಲಿಲ್ಲ. ಪಂಪು ಗುಂಯ್ ಅಂದಿತು, “ಮೊಬೈಲ್ ಕೊಡಮ್ಮ” ಅಂದರು. ಪತ್ರ ತೋರಿಸಿ, ಮುಖ್ಯಸ್ಥರು ಬಂದು, ಎಲ್ಲ ಮುಗಿಯಲು ಹತ್ತು ನಿಮಿಷ. ಶುಗರ್ 61. ಗ್ಲೂಕೋಸ್ ಪುಡಿ ಬಾಯಿಗೆ ಹಾಕಿಕೊಂಡು, ಪ್ರಮೇಯದ ಚಿತ್ರ ಎರಡೆರಡಾಗಿ ಕಾಣುತ್ತಿದ್ದದ್ದು ಒಂದಾಗುವವರೆಗೆ ಪೆನ್ನು ಕೆಳಗಿಟ್ಟು ಕೂತೆ. 71 ಅಂಕ ಬಂತು. ಆ ಮೇಲ್ವಿಚಾರಕರು ಹೊರಗೆ ಬಂದಾಗ ತಮ್ಮ ಬ್ಯಾಗಿನಿಂದ ಒಂದು ಬಾಳೆಹಣ್ಣು ಕೊಟ್ಟರು ಅನ್ನುವುದನ್ನೂ ಹೇಳಬೇಕು.

ಈಗ ನಾನು ಸೆಕೆಂಡ್ ಪಿಯು. ಟ್ಯೂಷನ್ನಿನಿಂದ ಬರುವ ದಾರಿಯಲ್ಲಿ ಮಂಡಕ್ಕಿ ಮಿರ್ಚಿ ಅಂಗಡಿ. ಮೊನ್ನೆ ಗೆಳತಿಯರ ಜೊತೆ ಒಂದು ತಟ್ಟೆ ಮಂಡಕ್ಕಿ, ಎರಡು ಮಿರ್ಚಿ ತಿಂದೆ. 50 ಅಂತ ಒತ್ತಿದೆ. ಮನೆಗೆ ಬಂದಾಗ ಅಮ್ಮ ಯಾರದೋ ಮದುವೆ ಬ್ಲೌಸಿಗೆ ತೋಳು ಕೂಡಿಸುತ್ತಿದ್ದಳು. ಫೋನು ಮೆಷಿನ್ನಿನ ಪಕ್ಕದಲ್ಲೇ, ಗ್ರಾಫ್ ತೆರೆದಿತ್ತು. 215, ಬಾಣ ಮೇಲಕ್ಕೆ. ಮೆಷಿನ್ ಸದ್ದು ನಿಂತಿತು. ನಾನು ಚಪ್ಪಲಿ ಬಿಟ್ಟು ಕಾಲು ತೊಳೆಯಲು ಹೋದೆ. ಬಚ್ಚಲಿಂದ ಬರುವಷ್ಟರಲ್ಲಿ ಮತ್ತೆ ಶುರುವಾಗಿತ್ತು.

“ಎಷ್ಟ್ ಒತ್ತಿದೆ?” ಅಂತ ಕೇಳಿದಳು, ತಲೆ ಎತ್ತದೆ.

“ಐವತ್ತು.”

“ಮಿರ್ಚಿ ಎಣ್ಣೆ ಇರುತ್ತೆ, ರಾತ್ರಿ ಮತ್ತೆ ಏರುತ್ತೆ. ನೋಡ್ಕೋ” ಅಂದಳು. ಸ್ವಲ್ಪ ಬಿಟ್ಟು, “ನಂಗೂ ಒಂದು ಕಟ್ಟಿಸ್ಕೊಂಡ್ ಬರಬಾರ್ದಿತ್ತಾ?”